ಪಟ್ಟಿಯಲ್ಲಿಲ್ಲದ ಬ್ಯಾಟರಿ

ಹೋದ ತಿಂಗಳು ನಮ್ಮ ತಂಗಿಯ ಮಗನಿಂದ ನಮಗೊಂದು ದೀರ್ಘವಾದ ಕಾಗದ ಬಂದಿತು. ಆತನು ಉದ್ಯೋಗನಿಮಿತ್ತವಾಗಿ ಯೂರೋಪಿನ ಒಂದು ಪಟ್ಟಣದಲ್ಲಿ ಸಂಸಾರಸಮೇತನಾಗಿ ನೆಲಸಿರುವನು. ನಮಸ್ಕಾರಗಳೂ ಕ್ಷೇಮಸಮಾಚಾರವೂ ಮೊದಲ ಎರಡು ಪಂಕ್ತಿಗಳಲ್ಲಿಯೇ ಮುಗಿದುಹೋಗಿದ್ದುವು. ಉಳಿದ ನಾಲ್ಕು ಪುಟಗಳೂ ಒಂದು ಬ್ಯಾಟರಿಯ ವಿಷಯವಾಗಿಯೇ ತುಂಬಿದ್ದುವು. ಸಂಗತಿ ಇಷ್ಟು. ಆತನ ಹನ್ನೆರಡು ವರ್ಷದ ಮಗನಿಗೆ ರೇಡಿಯೋ ಕಾರಿನ ಪಂದ್ಯವೆಂದರೆ ಬಹಳ ಆಸಕ್ತಿ. ಎರಡು ವರ್ಷಗಳಿಂದ ಪ್ರತಿ ವಾರವೂ ಊರಿನ ಕ್ಲಬ್ಬಿನಲ್ಲಿ ಕಾರು ಓಡಿಸುತ್ತಿದ್ದ ಹುಡುಗನು, ಈಚೆಗೆ ಹಲವು ಕ್ಲಬ್ಬುಗಳು ಕೂಡಿ ನಡೆಸಿದ ದೊಡ್ಡ ಪಂದ್ಯವೊಂದಕ್ಕೆ ಹೋಗಿ, ತನಗಿಂತ ದೊಡ್ಡವರನ್ನು ಹಿಂದೆ ಹಾಕಿ, ಕೊನೆಯ ಓಟದಲ್ಲಿ ಮೊದಲಿಗನಾಗಿ ಬಂದನು. ಓಟ ಮುಗಿದ ಮೇಲೆ ಪರೀಕ್ಷಕರು ಕಾರನ್ನು ಮೇಜಿನ ಮೇಲಿಟ್ಟು ತೂಗಿದರು; ಅಳೆದರು; ಕೊನೆಗೆ ಬ್ಯಾಟರಿಯ ಮೇಲಣ ಚೀಟಿಯನ್ನು ಓದಿ ತಮ್ಮ ಪಟ್ಟಿಯಲ್ಲಿ ಹುಡುಕಿದರು. ಆ ಹೆಸರು ಪಟ್ಟಿಯಲ್ಲಿರಲಿಲ್ಲ. ಹುಡುಗನ ಹೆಸರನ್ನು ಫಲಿತಾಂಶದಿಂದ ತೆಗೆದುಹಾಕಿದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

"ಮಾವ, ಆ ಬ್ಯಾಟರಿಯ ತೂಕ ಸರಿಯಾಗಿತ್ತು, ಅಳತೆ ಸರಿಯಾಗಿತ್ತು, ವೋಲ್ಟೇಜೂ ಸರಿಯಾಗಿತ್ತು. ಪಟ್ಟಿಯಲ್ಲಿರುವ ಇನ್ನೊಂದು ಬ್ಯಾಟರಿಯೂ ಇದೂ ಒಂದೇ ಕಾರ್ಖಾನೆಯವು, ಮೇಲಿನ ಚೀಟಿ ಮಾತ್ರ ಬೇರೆ ಎಂದು ಮಾರಿದ ಅಂಗಡಿಯವನೇ ಹೇಳುತ್ತಾನೆ. ಮಗು ಮೂರು ದಿನ ಸರಿಯಾಗಿ ಊಟ ಮಾಡಲಿಲ್ಲ. ತಾವು ನ್ಯಾಯಶಾಸ್ತ್ರ ಓದಿದವರು. ಇದು ನ್ಯಾಯವೇ, ತಾವೇ ಹೇಳಿ" ಎಂದು ಆತನು ಕಾಗದವನ್ನು ಮುಗಿಸಿದ್ದನು.

ಓದಿದೊಡನೆ ನಮಗೂ ಸಿಟ್ಟು ಬಂದಿತು. ತೂಕದಲ್ಲಿ ಮೋಸವಿಲ್ಲ, ವೇಗದಲ್ಲಿ ಮೋಸವಿಲ್ಲ. ಹೆಸರು ಪಟ್ಟಿಯಲ್ಲಿಲ್ಲವೆಂಬ ಒಂದೇ ಕಾರಣಕ್ಕೆ ಮಗುವಿನ ಗೆಲುವನ್ನು ಕಿತ್ತುಕೊಳ್ಳುವುದು ಯಾವ ಧರ್ಮ ಎಂದುಕೊಂಡೆವು. ಆದರೆ ಒಂದು ಪಕ್ಷದ ಮಾತನ್ನು ಮಾತ್ರ ಕೇಳಿ ತೀರ್ಪು ಹೇಳುವುದು ತರವಲ್ಲವಷ್ಟೆ. ಎದುರಿನವರ ವಾದವನ್ನು ಚೆನ್ನಾಗಿ ತಿಳಿದುಕೊಳ್ಳದೆ ಸಿದ್ಧಾಂತಕ್ಕೆ ಹೋಗಬಾರದೆಂದು ನಮ್ಮ ಗುರುಗಳು ನಮಗೆ ಕಲಿಸಿದ್ದರು. ಆದುದರಿಂದ ಆ ಆಟದ ನಿಯಮಾವಳಿಗಳನ್ನು ತರಿಸಿಕೊಂಡು ಹದಿನೈದು ದಿನ ಓದಿದೆವು. ಓದಿ ತಿಳಿದುಕೊಂಡುದನ್ನು ಈ ತಿಂಗಳು ವಾಚಕರ ಮುಂದೆ ಇಡುವೆವು. ಇಂಥ ಕಾರು ಎಲ್ಲರ ಮನೆಯಲ್ಲಿಯೂ ಇರಲಾರದು. ಆದರೆ ನಿಯಮವೂ ಮಗುವೂ ಎಲ್ಲರ ಮನೆಯಲ್ಲಿಯೂ ಉಂಟು.

ಮೊದಲು ಆಟದ ಸ್ವರೂಪವನ್ನು ಹೇಳಬೇಕು. ಈ ಕಾರುಗಳು ಆಟಿಕೆಯಂಗಡಿಯ ಬೊಂಬೆಗಳಲ್ಲ. ನಿಜವಾದ ಕಾರಿನ ಎಂಟರಲ್ಲೊಂದು, ಹತ್ತರಲ್ಲೊಂದು, ಹನ್ನೆರಡರಲ್ಲೊಂದು ಅಳತೆಗೆ ಮಾಡಿದ ಯಂತ್ರಗಳು. ಕೆಲವು ವಿದ್ಯುತ್ತಿನಿಂದ ಓಡುವುವು, ಕೆಲವು ಸಣ್ಣ ಎಂಜಿನ್ನಿನಿಂದ ಓಡುವುವು. ಹತ್ತರಲ್ಲೊಂದು ಅಳತೆಯ ವಿದ್ಯುತ್ಕಾರಿನ ತೂಕ ಸುಮಾರು ಒಂದೂವರೆ ಕಿಲೋಗ್ರಾಂ. ಒಂದು ಓಟ ಸಾಮಾನ್ಯವಾಗಿ 5 ನಿಮಿಷದ್ದು. ಓಡಿಸುವವರು ಎತ್ತರವಾದ ಅಟ್ಟದ ಮೇಲೆ ಸಾಲಾಗಿ ನಿಂತು, ಕೈಯಲ್ಲಿರುವ ರೇಡಿಯೋ ಪೆಟ್ಟಿಗೆಯಿಂದ ಕೆಳಗೆ ಓಡುವ ಕಾರನ್ನು ತಿರುಗಿಸುವರು. ಪ್ರತಿಯೊಂದು ಕಾರಿನಲ್ಲಿಯೂ ಒಂದು ಸಣ್ಣ ಉಪಕರಣವಿದ್ದು, ಎಷ್ಟು ಸುತ್ತು ಬಂದಿತೆಂಬ ಲೆಕ್ಕವು ಅದರಿಂದ ತಾನಾಗಿ ದಾಖಲಾಗುವುದು. ಹುಡುಗರೂ ಆಡುವರು, ಅವರ ತಂದೆಯರೂ ಆಡುವರು. ಅಮೆರಿಕದಲ್ಲಿ ಇದಕ್ಕಾಗಿ ರೋರ್ ಎಂಬ ಸಂಸ್ಥೆ 1967ರಲ್ಲಿ ಹುಟ್ಟಿತು. ಯೂರೋಪಿನ ದೇಶಗಳ ಒಕ್ಕೂಟಕ್ಕೆ ಎಫ್ರಾ ಎಂದು ಹೆಸರು. ಇವೆಲ್ಲವನ್ನೂ ಕೂಡಿಸಿದ ಜಗತ್ತಿನ ಒಕ್ಕೂಟ ಇಫ್ಮಾರ್. ಹತ್ತರಲ್ಲೊಂದು ಅಳತೆಯ ವಿದ್ಯುತ್ಕಾರುಗಳಿಗೆ ಮಣ್ಣಿನ ಹಾದಿಯ ಮೊದಲನೆಯ ಜಾಗತಿಕ ಪಂದ್ಯ 1985ರಲ್ಲಿ ಕ್ಯಾಲಿಫೋರ್ನಿಯದ ಡೆಲ್ ಮಾರಿನಲ್ಲಿ ನಡೆಯಿತು. ಈ ಸಂಸ್ಥೆಗಳು ನಿಯಮಗಳನ್ನು ಮಾಡುವುದು ಮಾತ್ರವಲ್ಲ. ಇಂಥಿಂಥ ಸಾಧನಗಳನ್ನು ಪಂದ್ಯದಲ್ಲಿ ಬಳಸಬಹುದೆಂದು ಒಪ್ಪಿಗೆಯ ಪಟ್ಟಿಗಳನ್ನೂ ಪ್ರಕಟಿಸುವುವು. ಬ್ಯಾಟರಿಗೊಂದು ಪಟ್ಟಿ, ಮೋಟಾರಿಗೊಂದು ಪಟ್ಟಿ, ಕಾರಿನ ಮೇಲಣ ಕವಚಕ್ಕೂ ಒಂದು ಪಟ್ಟಿ.

ಇಷ್ಟೆಲ್ಲ ಪಟ್ಟಿಗಳೇಕೆ? "ಯಾರ ಬಳಿ ಏನಿದೆಯೋ ಅದನ್ನು ತಂದು ಓಡಿಸಲಿ; ಚುರುಕಾದವನು ಗೆಲ್ಲಲಿ" ಎಂದುಬಿಟ್ಟರೆ ಆಗದೇ? ಆಗದೆಂಬುದಕ್ಕೆ ಬ್ಯಾಟರಿಯ ಚರಿತ್ರೆಯೇ ಸಾಕ್ಷಿ. ಮೊದಲು ನಿಕ್ಕಲ್-ಕ್ಯಾಡ್ಮಿಯಂ ಕೋಶಗಳಿದ್ದ ಕಾಲದಲ್ಲಿ, ಒಂದೊಂದು 1.2 ವೋಲ್ಟಿನ ಆರು ಕೋಶಗಳನ್ನು ಸಾಲಾಗಿ ಬೆಸೆದು 7.2 ವೋಲ್ಟಿನ ಬ್ಯಾಟರಿ ಮಾಡುತ್ತಿದ್ದರು. ಹೊರಗಿನಿಂದ ನೋಡಿದರೆ ಎಲ್ಲ ಕೋಶಗಳೂ ಒಂದೇ. ಒಳಗೆ ಮಾತ್ರ ಒಂದೇ ಕಾರ್ಖಾನೆಯಿಂದ ಒಂದೇ ದಿನ ಹೊರಬಿದ್ದ ಕೋಶಗಳಲ್ಲಿಯೂ ತಾರತಮ್ಯವಿರುತ್ತಿತ್ತು. ಹಣವುಳ್ಳವರಿಗಾಗಿ ವ್ಯಾಪಾರಿಗಳು ಕೋಶಗಳನ್ನು ರಾಶಿಯಾಗಿ ಕೊಂಡು, ಒಂದೊಂದನ್ನೂ ಯಂತ್ರಕ್ಕೆ ಹಚ್ಚಿ, ಎಷ್ಟು ಸೆಕೆಂಡು ನಡೆಯಿತು, ನಡೆಯುವಾಗ ಸರಾಸರಿ ಎಷ್ಟು ವೋಲ್ಟ್ ಕೊಟ್ಟಿತು ಎಂದು ಬರೆದು, ಉತ್ತಮವಾದ ಆರನ್ನು ಜೋಡಿಸಿ ಹೆಚ್ಚಿನ ಬೆಲೆಗೆ ಮಾರುತ್ತಿದ್ದರು. ಮೂಟೆಯಲ್ಲಿ ದಪ್ಪ ಕಾಳನ್ನೆಲ್ಲ ಆರಿಸಿಕೊಂಡು "ಇದು ನಮ್ಮ ಹೊಲದ ಬೆಳೆ" ಎಂದು ಪ್ರದರ್ಶನಕ್ಕಿಟ್ಟ ಹಾಗೆ. ಓಟದ ಹಾದಿಯಲ್ಲಿ ತೀರ್ಮಾನವಾಗಬೇಕಾದ ಪಂದ್ಯವು ಎಷ್ಟೋ ಸಲ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆಯೇ ಅರ್ಧ ತೀರ್ಮಾನವಾಗಿಬಿಡುತ್ತಿತ್ತು.

ಅನಂತರ, ಈ ಶತಮಾನದ ಮೊದಲ ದಶಕದಲ್ಲಿ, ಲೀಥಿಯಂ-ಪಾಲಿಮರ್ ಬ್ಯಾಟರಿಗಳು ಬಂದುವು. ಇವುಗಳಲ್ಲಿ ಒಂದು ಕೋಶಕ್ಕೆ 3.7 ವೋಲ್ಟ್, ಎರಡು ಸೇರಿ 7.4. ಪೂರ್ತಿಯಾಗಿ ತುಂಬಿದಾಗ ಒಂದೊಂದು 4.2 ವೋಲ್ಟಿಗೆ ಏರಿ, ಎರಡಕ್ಕೆ 8.4 ಆಗುವುದು. ಆರು ಕೋಶಗಳನ್ನು ಆರಿಸಿ ಜೋಡಿಸುವ ಕಷ್ಟ ತಪ್ಪಿತು. ಆದರೆ ಅಪಾಯವೊಂದು ಹೊಸದಾಗಿ ಬಂದಿತು. ಈ ಕೋಶವನ್ನು ಮಿತಿ ಮೀರಿ ತುಂಬಿದರೆ ಉಬ್ಬುವುದು, ಹೊತ್ತಿಕೊಳ್ಳುವುದೂ ಉಂಟು. ಮೆತ್ತನೆಯ ಚೀಲದಂತಿರುವ ಇದು ಓಟದಲ್ಲಿ ಪೆಟ್ಟು ತಿಂದು ಹರಿದರೂ ಬೆಂಕಿಯ ಭಯ. ಆದುದರಿಂದಲೇ ಗಟ್ಟಿಯಾದ ಪ್ಲಾಸ್ಟಿಕ್ಕಿನ ಪೆಟ್ಟಿಗೆಯೊಳಗಿರುವ ಬ್ಯಾಟರಿಯನ್ನೇ ತರತಕ್ಕದ್ದು, ಓಟಕ್ಕೆ ಮುಂಚೆ ಅಳೆದಾಗ ಗೊತ್ತಾದ ಮಿತಿಯನ್ನು ಅದು ಮೀರಿರಕೂಡದು ಎಂಬ ನಿಯಮಗಳು ಹುಟ್ಟಿದುವು. ಬ್ಯಾಟರಿಯನ್ನು ಬೆಂಕಿ ತಡೆಯುವ ಚೀಲದಲ್ಲಿಟ್ಟೇ ತುಂಬತಕ್ಕದ್ದೆಂದು ಎಷ್ಟೋ ಕ್ಲಬ್ಬುಗಳ ಕಟ್ಟಳೆ. ಇಪ್ಪತ್ತು ಮಂದಿ ಮಕ್ಕಳು ಒಂದೇ ಕೊಠಡಿಯಲ್ಲಿ ಕುಳಿತು ಬ್ಯಾಟರಿ ತುಂಬುವ ಆಟದಲ್ಲಿ ಇದು ಅತಿಯಾಯಿತೆಂದು ಯಾವ ತಾಯಿಯೂ ಹೇಳಲಾರಳು.

ಇನ್ನು ಪರೀಕ್ಷಕನ ಸ್ಥಿತಿಯನ್ನು ಯೋಚಿಸಬೇಕು. ಆತನ ಮೇಜಿನ ಮೇಲೆ ತಕ್ಕಡಿ ಉಂಟು, ಅಳತೆಯ ಚೌಕಟ್ಟು ಉಂಟು, ವೋಲ್ಟ್ ಅಳೆಯುವ ಯಂತ್ರ ಉಂಟು. ಇವುಗಳಿಂದ ತೂಕ, ಉದ್ದಗಲ, ವೋಲ್ಟುಗಳು ಎಲ್ಲರ ಕಣ್ಣೆದುರಿಗೇ ತಿಳಿಯುವುವು. ಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ ಇದು ಪ್ರತ್ಯಕ್ಷ ಪ್ರಮಾಣ. ಆದರೆ ಮುಚ್ಚಿದ ಪೆಟ್ಟಿಗೆಯ ಒಳಗೆ ಏನಿದೆಯೆಂದು ಆತನು ಹೇಗೆ ತಿಳಿಯಬೇಕು? ಒಡೆದು ನೋಡಿದರೆ ಬ್ಯಾಟರಿ ಹಾಳು. ಚೀಟಿಯ ಮೇಲೆ ಅಚ್ಚಾಗಿರುವ ಶಕ್ತಿಯ ಅಂಕಿ ನಿಜವೋ ಸುಳ್ಳೋ ನೋಡಬೇಕಾದರೆ ಪೂರ್ತಿಯಾಗಿ ಖಾಲಿ ಮಾಡಿ ಅಳೆಯಬೇಕು. ಅಷ್ಟರಲ್ಲಿ ಮುಂದಿನ ಓಟದವರು ಸಾಲುಗಟ್ಟಿ ನಿಂತಿರುವರು. ಪ್ರತ್ಯಕ್ಷವು ಸಾಗದ ಕಡೆಯಲ್ಲಿ ಶಬ್ದಪ್ರಮಾಣವನ್ನು, ಎಂದರೆ ನಂಬತಕ್ಕವರ ಮಾತನ್ನು ಆಶ್ರಯಿಸಬೇಕು. ಆ ಮಾತೇ ಪಟ್ಟಿ. ತಯಾರಕನು ಬ್ಯಾಟರಿಯ ಮಾದರಿಗಳನ್ನು ಸಂಸ್ಥೆಗೆ ಕಳುಹಿಸಿ ಶುಲ್ಕ ಕಟ್ಟುವನು. ಸಂಸ್ಥೆಯವರು ಪೆಟ್ಟಿಗೆ, ಅಳತೆ, ಚೀಟಿ ಮೊದಲಾದುವನ್ನು ನಿಯಮಕ್ಕೆ ಹೋಲಿಸಿ ನೋಡಿ, ಸರಿಯಾಗಿದ್ದರೆ ಹೆಸರನ್ನೂ ಸಂಖ್ಯೆಯನ್ನೂ ಪಟ್ಟಿಗೆ ಸೇರಿಸುವರು. ಒಪ್ಪಿಗೆ ದೊರೆಯುವುದು ಒಂದು ಬ್ಯಾಟರಿಗಲ್ಲ, ಆ ಜಾತಿಗೆ. ಆ ಜಾತಿಯ ಗುರುತು ಚೀಟಿ. ಆದುದರಿಂದ ಚೀಟಿ ಅಳಿಸಿಹೋಗದಂತೆ ನೋಡಿಕೊಳ್ಳುವುದೂ ಓಡಿಸುವವನ ಹೊಣೆಯೇ.

ನಮ್ಮ ಗೃಹಿಣಿಯರಿಗೆ ಇದು ಹೊಸ ವಿಚಾರವಲ್ಲ. ಅಂಗಡಿಯವನ ತೂಕದ ಕಲ್ಲಿನ ಮೇಲೆ ಸರಕಾರದ ಮುದ್ರೆಯಿರುವುದು. ಕುಕ್ಕರಿನ ಮೇಲೆ ಐ.ಎಸ್.ಐ. ಗುರುತಿರುವುದು. ನಮ್ಮ ದೇಶದಲ್ಲಿ 2021ನೆಯ ಜನವರಿ 1ರಿಂದ ಹದಿನಾಲ್ಕು ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೂ ಆ ಗುರುತು ಕಡ್ಡಾಯವಾಗಿದೆ. ಕುಕ್ಕರನ್ನು ಕೊಳ್ಳುವಾಗ ಯಾರೂ ಅದನ್ನು ಒಡೆದು ನೋಡುವುದಿಲ್ಲ; ಗುರುತನ್ನು ನೋಡಿ ನಂಬುವರು.

ಇಲ್ಲಿ ನಮ್ಮ ತಂಗಿಯ ಮಗನ ಮುಖ್ಯವಾದ ಆಕ್ಷೇಪ ಬರುವುದು. "ಅದೂ ಇದೂ ಒಂದೇ ಎಂದು ಅಂಗಡಿಯವನೇ ಹೇಳಿದನಲ್ಲ!" ಹೇಳಿರಬಹುದು. ಒಂದೇ ಕಾರ್ಖಾನೆಯ ಸರಕು ನಾಲ್ಕು ಹೆಸರುಗಳಲ್ಲಿ ಮಾರಾಟವಾಗುವುದು ಲೋಕದಲ್ಲಿ ಅಪೂರ್ವವೇನೂ ಅಲ್ಲ. ಆದರೆ ನಂಬತಕ್ಕ ಮಾತು ಯಾರದು? ಇದ್ದುದನ್ನು ಇದ್ದಂತೆ ಬಲ್ಲವನೂ, ಅದನ್ನು ಮರೆಮಾಡುವುದರಿಂದ ತನಗೆ ಲಾಭವಿಲ್ಲದವನೂ ಆಪ್ತನು. ಮಾರುವವನಿಗೆ ಮಾರಾಟದಲ್ಲಿ ಲಾಭವಿದೆ. ಆತನು ಸುಳ್ಳು ಹೇಳಿದನೆಂದು ನಾವು ಹೇಳುವುದಿಲ್ಲ. ಆತನ ಮಾತು ಈ ವಿಷಯದಲ್ಲಿ ಪ್ರಮಾಣವಾಗಲಾರದೆಂದು ಮಾತ್ರ ಹೇಳುವೆವು. ಇಂದು ಈ ಹುಡುಗನ ಅಂಗಡಿಯವನ ಮಾತನ್ನು ಒಪ್ಪಿದರೆ, ನಾಳೆ ಪ್ರತಿಯೊಬ್ಬ ಅಂಗಡಿಯವನ ಮಾತನ್ನೂ ಒಪ್ಪಬೇಕಾಗುವುದು.

ಹಾಗಾದರೆ ಪಟ್ಟಿಯಲ್ಲಿ ದೋಷವೇ ಇಲ್ಲವೇ? ಉಂಟು. ಅದನ್ನೂ ಹೇಳಬೇಕು. ಒಂದು ವಸ್ತುವಿಗೆ ಲಕ್ಷಣ ಹೇಳುವಾಗ ಮೂರು ದೋಷಗಳು ಬರಬಹುದೆಂದು ತಾರ್ಕಿಕರ ಮತ. ಹಸುವಿಗೆ ಲಕ್ಷಣ ಹೇಳಬೇಕಾಗಿದೆಯೆನ್ನಿ. "ಕಪಿಲವರ್ಣದ ಪ್ರಾಣಿಯೇ ಹಸು" ಎಂದರೆ ಬಿಳಿಯ ಹಸು ಹೊರಗುಳಿಯುವುದು, ಇದು ಅವ್ಯಾಪ್ತಿ. "ಕೊಂಬುಳ್ಳದ್ದು ಹಸು" ಎಂದರೆ ಎಮ್ಮೆಯೂ ಒಳಗೆ ನುಗ್ಗುವುದು, ಇದು ಅತಿವ್ಯಾಪ್ತಿ. "ಸೀಳಿಲ್ಲದ ಒಂದೇ ಗೊರಸುಳ್ಳದ್ದು ಹಸು" ಎಂದರೆ ಯಾವ ಹಸುವೂ ಸಿಕ್ಕುವುದಿಲ್ಲ, ಇದು ಅಸಂಭವ. ಪಂದ್ಯದ ನಿಯಮವೂ ಒಂದು ಲಕ್ಷಣವೇ. "ಯಾವ ಸಾಧನವಿದ್ದರೆ ಕೈಚಳಕವೇ ಗೆಲುವನ್ನು ನಿರ್ಣಯಿಸುವುದೋ ಅಂಥ ಸಾಧನ" ಎಂಬುದನ್ನು ಅದು ಗುರುತಿಸಬೇಕಾಗಿದೆ. ಈ ಮೂರು ದೋಷಗಳೂ ಈ ಆಟದ ಚರಿತ್ರೆಯಲ್ಲಿ ಕಾಣುವುವು.

ಅತಿವ್ಯಾಪ್ತಿಗೆ ಮೋಟಾರು ಉದಾಹರಣೆ. ಹೊಸಬರ ತರಗತಿಯಲ್ಲಿ ಎಲ್ಲರಿಗೂ ಸಮಾನವಾದ ಸಾಧಾರಣ ಮೋಟಾರು ಇರಲೆಂದು, ತಂತಿಯ ಸುತ್ತುಗಳು 27, ಒಳಗಣ ಕೋನ 24 ಡಿಗ್ರಿ, ಡಬ್ಬಿಯನ್ನು ಬಿಚ್ಚಲಾಗದಂತೆ ಮಡಿಸಿ ಮುಚ್ಚಿರಬೇಕು ಎಂದು ಅಮೆರಿಕದಲ್ಲಿ ಒಂದು ಲಕ್ಷಣ ಮಾಡಿದರು. ಸುತ್ತು ಕಡಿಮೆಯಾದಷ್ಟೂ ಮೋಟಾರಿನ ವೇಗ ಹೆಚ್ಚು. ಕೋನವನ್ನು ಮುಂದಕ್ಕೆ ಸರಿಸಿದರೂ ವೇಗ ಹೆಚ್ಚು, ಜೊತೆಗೆ ಕಾವೂ ಹೆಚ್ಚು. ಅನಂತರ ಬ್ರಷ್ ಇಲ್ಲದ ಮೋಟಾರುಗಳು ಬಂದುವು. ಸಾಧಾರಣ ತರಗತಿಗೆ 17.5 ಸುತ್ತಿನದನ್ನು ಗೊತ್ತುಮಾಡಿದರು. ಮೋಟಾರಿಗೆ ಕಟ್ಟುನಿಟ್ಟಾಯಿತು. ಆದರೆ ಈ ಹೊಸ ಮೋಟಾರಿಗೆ ವಿದ್ಯುತ್ತನ್ನು ಹಂಚಿಕೊಡುವ ವೇಗನಿಯಂತ್ರಕವೆಂಬ ಇನ್ನೊಂದು ಉಪಕರಣದ ಒಳಗೆ ಸಣ್ಣ ಗಣಕವಿರುವುದು. ಮೋಟಾರಿನಲ್ಲಿ ಸರಿಸಲಾಗದ ಕೋನವನ್ನು ನಿಯಂತ್ರಕದ ಲೆಕ್ಕಾಚಾರದಲ್ಲಿಯೇ ಸರಿಸಿಬಿಡುವ ಉಪಾಯವನ್ನು ತಯಾರಕರು ಕಂಡುಕೊಂಡರು. ಮೋಟಾರು ಪಟ್ಟಿಯಲ್ಲಿದೆ, ಮುಚ್ಚಳವೂ ಭದ್ರವಾಗಿದೆ; ಕಾರು ಮಾತ್ರ ಮೇಲಿನ ತರಗತಿಯ ಕಾರಿನಂತೆ ಓಡುತ್ತಿದೆ! ನೀನು ಚಾಪೆಯ ಕೆಳಗೆ ತೂರಿದರೆ ನಾನು ರಂಗೋಲಿಯ ಕೆಳಗೆ ತೂರುವೆನೆಂದ ಹಾಗಾಯಿತು. ಕೊಂಬುಳ್ಳ ಎಮ್ಮೆ ಹಸುವಿನ ಕೊಟ್ಟಿಗೆಗೆ ಬಂದಿತು.

ಇದಕ್ಕೆ ಕಂಡುಹಿಡಿದ ಪರಿಹಾರ ನಮಗೆ ಬಹಳ ಹಿಡಿಸಿತು. ಕೋನವನ್ನು ಸರಿಸುವ ಲೆಕ್ಕಾಚಾರವನ್ನು ಪೂರ್ತಿಯಾಗಿ ನಿಲ್ಲಿಸಿದ ಸ್ಥಿತಿಯೊಂದು ನಿಯಂತ್ರಕದಲ್ಲಿರಬೇಕು. ಆ ಸ್ಥಿತಿಯಲ್ಲಿ ಅದರ ಮೇಲಣ ಸಣ್ಣ ದೀಪವು ಮಿನುಗುತ್ತಿರಬೇಕು ಎಂದು ಕಟ್ಟಳೆ ಮಾಡಿದರು. ದೀಪ ಮಿನುಗಿದರೆ ಸರಿ. ಇಲ್ಲದಿದ್ದರೆ ಆ ತರಗತಿಯಲ್ಲಿ ಸ್ಥಳವಿಲ್ಲ. ಆಟಗಾರರು ಈ ತರಗತಿಗೆ "ಬ್ಲಿಂಕಿ" ಎಂದೇ ಹೆಸರಿಟ್ಟಿರುವರು. ಹತ್ತು ವರ್ಷದ ಹುಡುಗಿಯೂ ಪಕ್ಕದ ಕಾರನ್ನು ನೋಡಿ, ಇದು ಸರಿಯಾಗಿದೆಯೆಂದು ಹೇಳಬಲ್ಲಳು. ಕಣ್ಣಿಗೆ ಕಾಣದಿದ್ದುದನ್ನು ಪ್ರತ್ಯಕ್ಷಕ್ಕೆ ತಂದ ನಿಯಮವಿದು. ಪರೀಕ್ಷಕನನ್ನು ನಂಬಿರೆಂದು ಹೇಳುವ ನಿಯಮಕ್ಕಿಂತ, ನೀವೇ ನೋಡಿಕೊಳ್ಳಿರೆಂದು ಹೇಳುವ ನಿಯಮವು ಯಾವಾಗಲೂ ಮೇಲು.

ಅಸಂಭವದ ಮಾತು ಇಷ್ಟೆ. ಒಪ್ಪಿಗೆ ಪಡೆದ ಸಾಧನವು ಪಟ್ಟಿಯಲ್ಲಿದ್ದು ಅಂಗಡಿಯಲ್ಲಿ ಯಾರಿಗೂ ದೊರೆಯದಿದ್ದರೆ, ಅಥವಾ ತಯಾರಕನು ತನಗೆ ಬೇಕಾದ ನಾಲ್ವರಿಗೆ ಮಾತ್ರ ಕೊಟ್ಟರೆ, ಉಳಿದವರ ಪಾಲಿಗೆ ಅದು ಒಂದೇ ಗೊರಸಿನ ಹಸುವಿನ ಹಾಗೆಯೇ. ಈ ಕಾರಣದಿಂದಲೇ, ಪಟ್ಟಿಗೆ ಸೇರಬೇಕಾದ ವಸ್ತು ಸಾರ್ವಜನಿಕರಿಗೆ ಮಾರಾಟಕ್ಕೆ ದೊರೆಯುವಂತಿರಬೇಕೆಂಬ ನಿಬಂಧನೆಯಿರುವುದು. ಕೆಲವು ದೊಡ್ಡ ಪಂದ್ಯಗಳಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮೋಟಾರನ್ನೋ ಟಯರುಗಳನ್ನೋ ನಡೆಸುವವರೇ ಎಲ್ಲರಿಗೂ ಅಲ್ಲಿಯೇ ಹಂಚಿಬಿಡುವರು. ಪಂಕ್ತಿಭೇದವಿಲ್ಲದ ಊಟದ ಹಾಗೆ.

ಉಳಿದುದು ಅವ್ಯಾಪ್ತಿ. ನಮ್ಮ ಹುಡುಗನಿಗೆ ತಗುಲಿದ್ದು ಇದೇ. ನಿರ್ದುಷ್ಟವಾದ ಬ್ಯಾಟರಿಯೊಂದು, ಪಟ್ಟಿಗೆ ಸೇರದ ಕಾರಣ ಹೊರಗುಳಿಯಿತು. ಬಿಳಿಯ ಹಸುವನ್ನು ಹಸುವಲ್ಲವೆಂದ ಹಾಗಾಯಿತು. ಶುಲ್ಕ ಕಟ್ಟಲಾರದ ಸಣ್ಣ ತಯಾರಕನ ಒಳ್ಳೆಯ ಸರಕಿಗೂ ಇದೇ ಗತಿ. ಇದು ದೋಷವೆಂಬುದನ್ನು ನಾವು ಒಪ್ಪುವೆವು. ಆದರೆ ತರ್ಕದಲ್ಲಿ ಈ ಎರಡು ದೋಷಗಳಿಗೂ ತೂಕ ಒಂದೇ; ವ್ಯವಹಾರದಲ್ಲಿ ಹಾಗಲ್ಲ. ಹೊರಗುಳಿದ ಒಳ್ಳೆಯ ವಸ್ತುವು ನಾಳೆ ಮಾದರಿ ಕಳುಹಿಸಿ ಒಳಗೆ ಬರಬಹುದು. ಒಳಗೆ ನುಗ್ಗಿದ ಮೋಸದ ವಸ್ತುವೋ, ಆ ದಿನ ಆಡಿದ ಎಲ್ಲರ ಆಟವನ್ನೂ ಕೆಡಿಸಿಯೇ ಹೋಗುವುದು; ಅದನ್ನು ತಿದ್ದಲು ಆಗುವುದಿಲ್ಲ. ಹೀಗಿರುವುದರಿಂದ ನಿಯಮ ಮಾಡುವವರು ತಿಳಿದೂ ತಿಳಿದೂ ಅವ್ಯಾಪ್ತಿಯ ಕಡೆಗೆ ವಾಲುವರು. ಅದು ಅವರ ಅಜ್ಞಾನವಲ್ಲ, ಆಯ್ಕೆ. ನಾವು ಅವರ ಸ್ಥಾನದಲ್ಲಿದ್ದರೂ ಹಾಗೆಯೇ ಮಾಡುತ್ತಿದ್ದೆವು.

ಎಲ್ಲ ನಿಯಮಗಳೂ ಆಟಗಾರರ ಸಮಾನತೆಗಾಗಿಯೇ ಇರುವುವೆಂದು ತಿಳಿಯಬಾರದು. ಎಂಜಿನ್ನಿನ ಕಾರುಗಳಲ್ಲಿ ಶಬ್ದ ತಗ್ಗಿಸುವ ಕೊಳವೆಗೂ ಯೂರೋಪಿನ ಒಕ್ಕೂಟದ ಒಪ್ಪಿಗೆ ಬೇಕು. ಹಾದಿಯ ಪಕ್ಕದ ಮನೆಯವರು ಭಾನುವಾರ ನೆಮ್ಮದಿಯಾಗಿರಲೆಂದು ಅದು. ಅವುಗಳ ಇಂಧನದಲ್ಲಿ ಬೆರೆಸುವ ನೈಟ್ರೋಮೀಥೇನು ಸ್ಫೋಟಕಗಳಿಗೂ ಬಳಕೆಯಾಗುವ ದ್ರವ. 2021ರ ಫೆಬ್ರವರಿಯಿಂದ ಯೂರೋಪಿನ ಒಕ್ಕೂಟ ರಾಷ್ಟ್ರಗಳಲ್ಲಿ ತೂಕದಲ್ಲಿ ನೂರಕ್ಕೆ 16ಕ್ಕಿಂತ ಹೆಚ್ಚು ಅದು ಸೇರಿರುವುದನ್ನು ಜನಸಾಮಾನ್ಯರಿಗೆ ಮುಕ್ತವಾಗಿ ಮಾರಕೂಡದೆಂದು ಕಾನೂನೇ ಬಂದಿತು. ಇನ್ನು ಕೆಲವು ನಿಯಮಗಳು ಕಾಲ ತೀರಿ ತಾವಾಗಿ ಹೋಗುವುವು. ಮೊದಲು ಇಬ್ಬರ ರೇಡಿಯೋ ಒಂದೇ ಕಂಪನದಲ್ಲಿದ್ದರೆ ಒಬ್ಬನ ಕಾರು ಇನ್ನೊಬ್ಬನ ಮಾತು ಕೇಳುತ್ತಿತ್ತು. ಆದುದರಿಂದ ಹಲಗೆಯ ಮೇಲೆ ಕಂಪನಕ್ಕೊಂದು ಬಿಲ್ಲೆ ತೂಗುಹಾಕಿ, ಬಿಲ್ಲೆ ದೊರೆತವನೇ ರೇಡಿಯೋ ಹಚ್ಚತಕ್ಕದ್ದೆಂಬ ಕಟ್ಟಳೆಯಿತ್ತು. 2.4 ಗಿಗಾಹರ್ಟ್ಸಿನ ರೇಡಿಯೋಗಳು ಬಂದ ಮೇಲೆ ಅವು ತಮ್ಮತಮ್ಮ ಹಾದಿಯನ್ನು ತಾವೇ ಹುಡುಕಿಕೊಳ್ಳುವುವು. ಬಿಲ್ಲೆಯ ಕೆಲಸ ತೀರಿತು. ಕಾರಣ ಹೋದ ಮೇಲೆ ನಿಯಮವನ್ನು ಹಿಡಿದುಕೊಂಡು ಕೂರದಿರುವುದೂ ನಿಯಮ ಮಾಡುವವರ ವಿವೇಕ.

ಇಷ್ಟು ಹೇಳಿದ ಮಾತ್ರಕ್ಕೆ ಪರೀಕ್ಷಕರದೇ ಸರಿಯೆಂದು ಕೈತೊಳೆದುಕೊಳ್ಳಲಾರೆವು. ತಿಳಿದು ಅವ್ಯಾಪ್ತಿಯನ್ನು ಆರಿಸಿಕೊಂಡವರು ಅದರಿಂದ ನೋಯುವವರಿಗೆ ಒಂದು ಋಣವನ್ನೂ ಹೊತ್ತುಕೊಂಡಿರುವರು. ಪಟ್ಟಿ ಸಕಾಲದಲ್ಲಿ ಪ್ರಕಟವಾಗಬೇಕು. ಅದು ಎಲ್ಲರ ಕೈಗೂ ಎಟುಕಬೇಕು. ಮುಖ್ಯವಾಗಿ, ಓಟಕ್ಕೆ ಮುಂಚೆಯೇ ಕಾರನ್ನು ನೋಡಿ ಹೇಳಬೇಕು. ಕ್ಲಬ್ಬಿನ ವಾರದ ಆಟದಲ್ಲಿ ಎಷ್ಟೋ ಕಡೆ ಪಟ್ಟಿಯನ್ನು ಬಿಗಿಯಾಗಿ ನೋಡುವುದಿಲ್ಲ. ನಮ್ಮ ಹುಡುಗನು ಅದೇ ಬ್ಯಾಟರಿಯಿಂದ ವಾರವಾರವೂ ಓಡಿಸಿದ್ದನು, ಯಾರೂ ಬೇಡವೆಂದಿರಲಿಲ್ಲ. ದೊಡ್ಡ ಪಂದ್ಯದ ದಿನ ಬೆಳಗ್ಗೆ ಯಾರಾದರೊಬ್ಬರು ಚೀಟಿಯನ್ನು ನೋಡಿ "ಮಗು, ಇದು ನಡೆಯದು, ಬೇರೆ ತೆಗೆದುಕೋ" ಎಂದಿದ್ದರೆ, ಪಕ್ಕದವರ ಬಳಿ ಸಾಲ ಪಡೆದಾದರೂ ಓಡಿಸುತ್ತಿದ್ದನು. ಗೆದ್ದ ಮೇಲೆ ಹೇಳಿದರು. ನಿಯಮ ಅದೇ, ಹೇಳಿದ ಹೊತ್ತು ಬೇರೆ. ಆ ಹೊತ್ತಿನ ಅಂತರದಲ್ಲಿಯೇ ಮಗುವಿನ ಮೂರು ದಿನದ ಊಟ ಹೋಯಿತು.

ಈ ಮಾತನ್ನು ಹೇಳುವಾಗ ನಮಗೆ ನಮ್ಮದೇ ತಪ್ಪೊಂದು ನೆನಪಿಗೆ ಬರುವುದು. ನಾವು ಮೇಷ್ಟರಾಗಿದ್ದಾಗ, ಉತ್ತರಗಳನ್ನು ಶಾಯಿಯಲ್ಲಿಯೇ ಬರೆಯತಕ್ಕದ್ದು, ಸೀಸದಕಡ್ಡಿಯಲ್ಲಿ ಬರೆದರೆ ಅಂಕವಿಲ್ಲ ಎಂದು ಒಂದು ವರ್ಷ ಕಟ್ಟಳೆ ಮಾಡಿದ್ದೆವು. ಸೀಸದಕಡ್ಡಿಯ ಅಕ್ಷರವನ್ನು ಅಳಿಸಿ ತಿದ್ದಬಹುದಷ್ಟೆ, ಕಟ್ಟಳೆಗೆ ಕಾರಣವಿತ್ತು. ಒಬ್ಬ ಹುಡುಗನು ಸಂಸ್ಕೃತದ ಪತ್ರಿಕೆಯನ್ನು ಒಂದು ತಪ್ಪೂ ಇಲ್ಲದೆ ಸೀಸದಕಡ್ಡಿಯಲ್ಲಿ ಬರೆದಿದ್ದನು. ನಾವು ಸೊನ್ನೆ ಹಾಕಿದೆವು. ಕಟ್ಟಳೆಯನ್ನು ತರಗತಿಯಲ್ಲಿ ಓದಿ ಹೇಳಿದ ವಾರ ಆತನು ಜ್ವರದಿಂದ ಮನೆಯಲ್ಲಿ ಮಲಗಿದ್ದನೆಂಬುದು ನಮಗೆ ಆಮೇಲೆ ತಿಳಿಯಿತು. ಪರೀಕ್ಷೆಯ ದಿನ ಸಾಲುಗಳ ನಡುವೆ ಮೂರು ಗಂಟೆ ತಿರುಗಾಡಿದವರು ನಾವೇ. ಆತನ ಕೈಯಲ್ಲಿದ್ದ ಸೀಸದಕಡ್ಡಿ ನಮ್ಮ ಕಣ್ಣಿಗೆ ಬಿದ್ದಿರಲೇಬೇಕು. ಆಗ ಬಾಯಿ ಬಿಡದೆ, ಅಂಕ ಹಾಕುವಾಗ ನಿಯಮವನ್ನು ನೆನಪು ಮಾಡಿಕೊಂಡೆವು. ಆ ಹುಡುಗನು ಮುಂದೆ ಸಂಸ್ಕೃತವನ್ನು ಬಿಟ್ಟು ಬೇರೆ ವಿಷಯ ತೆಗೆದುಕೊಂಡನು. ನಮ್ಮ ಕಟ್ಟಳೆ ಸರಿಯಾಗಿಯೇ ಇತ್ತು, ನಾವು ಸರಿಯಾಗಿರಲಿಲ್ಲ.

ಆದುದರಿಂದ ತಂಗಿಯ ಮಗನಿಗೆ ಹೀಗೆ ಉತ್ತರ ಬರೆದೆವು. "ಪಟ್ಟಿಯೊಡನೆ ಜಗಳವಾಡಬೇಡ, ಪಟ್ಟಿ ನಿನ್ನ ಮಗನ ಶತ್ರುವಲ್ಲ. ಅದು ಇಲ್ಲದಿದ್ದರೆ, ಕೋಶಗಳನ್ನು ರಾಶಿಯಲ್ಲಿ ಆರಿಸಿಕೊಳ್ಳುವ ಹಣವುಳ್ಳವರ ಮುಂದೆ ಆತನು ಗೆಲ್ಲುವ ಮಾತೇ ಇರುತ್ತಿರಲಿಲ್ಲ. ಆದರೆ ಮಕ್ಕಳ ಕಾರುಗಳನ್ನಾದರೂ ಓಟಕ್ಕೆ ಮುಂಚೆ ನೋಡಿ ಹೇಳಬೇಕೆಂದು ನಡೆಸುವವರಿಗೆ ವಿನಯದಿಂದ ಒಂದು ಕಾಗದ ಬರೆ. ಅದನ್ನು ಕೇಳುವ ಹಕ್ಕು ನಿನಗಿದೆ."

ಹುಡುಗನಿಗೆ ಬೇರೆಯಾಗಿ ಬರೆದೆವು. "ಮಗು, ನೀನು ಮೋಸ ಮಾಡಿದೆಯೆಂದು ಆ ಪಟ್ಟಿ ಹೇಳಲಿಲ್ಲ. ನಿನ್ನ ಬ್ಯಾಟರಿ ಕೆಟ್ಟದ್ದೆಂದೂ ಹೇಳಲಿಲ್ಲ. ಅದರ ವಿಷಯ ನಮಗೆ ತಿಳಿಯದು ಎಂದಷ್ಟೇ ಅದು ಹೇಳಿತು. ಒಬ್ಬರಿಗೆ ತಿಳಿಯದಿರುವುದಕ್ಕೂ ನೀನು ತಪ್ಪಿತಸ್ಥನಾಗಿರುವುದಕ್ಕೂ ಬಹಳ ಅಂತರವಿದೆ. ಇನ್ನು ಮೇಲೆ ಕೊಳ್ಳುವ ಮೊದಲು ಪಟ್ಟಿಯನ್ನು ನೀನೇ ನೋಡು. ಅಪ್ಪನಿಗೂ ಬಿಡಬೇಡ, ಅಂಗಡಿಯವನಿಗೂ ಬಿಡಬೇಡ."

ಮೊನ್ನೆ ಹುಡುಗನ ಮರುತ್ತರ ಬಂದಿತು. ಕನ್ನಡ ಅಕ್ಷರಗಳು ಸ್ವಲ್ಪ ವಕ್ರವಾಗಿದ್ದರೂ ತಪ್ಪಿಲ್ಲದೆ ಬರೆದಿದ್ದನು. "ತಾತ, ಪಟ್ಟಿ ನೋಡಿ ಹೊಸ ಬ್ಯಾಟರಿ ತೆಗೆದುಕೊಂಡೆ. ನನ್ನ ಸ್ನೇಹಿತನ ಬ್ಯಾಟರಿಯ ಹೆಸರನ್ನೂ ನೋಡಿಕೊಟ್ಟೆ. ಆದರೆ ಆ ದಿನ ಮೊದಲು ಬಂದದ್ದು ನಾನೇ."

ಇದಕ್ಕೆ ನಾವು ಯಾವ ಶಾಸ್ತ್ರವನ್ನೂ ಹುಡುಕಲಿಲ್ಲ. ಹೌದು, ನೀನೇ ಎಂದು ಬರೆದು ಅಂಚೆಗೆ ಹಾಕಿದೆವು.